ಬೆಟ್ಟದ ಸೈಕಲ್ ಓಟ: ಸಾಮಾನಿನ ಪಟ್ಟಿಯಲ್ಲಿ ಶರೀರವೂ ಇರಲಿ

ಮೂರು ವರ್ಷಗಳ ಹಿಂದೆ ಫೆಬ್ರವರಿ ತಿಂಗಳಿನಲ್ಲಿ ಮೂವತ್ತೆಂಟು ವಯಸ್ಸಿನ ಒಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ಅವರಿಗೆ ಕಾಯಿಲೆಯೇನೂ ಇರಲಿಲ್ಲ. “ಡಾಕ್ಟ್ರೇ, ಪ್ರಯಾಣದ ವಿಮೆಗೆ ಒಂದು ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಿತ್ತು. ಜೂನ್‌ನಲ್ಲಿ ಬೆಟ್ಟದ ಸೈಕಲ್ ರೇಸಿಗೆ ಹೋಗ್ತಾ ಇದ್ದೀನಿ” ಎಂದು ಹೇಳಿ, ಉತ್ಸಾಹದಿಂದ ಜೇಬಿನಿಂದ ಒಂದು ಹಾಳೆಯನ್ನು ತೆಗೆದು ತೋರಿಸಿದರು. ಜೊತೆಗೆ ಒಯ್ಯುವ ಪ್ರತಿಯೊಂದು ವಸ್ತುವಿನ ತೂಕವನ್ನೂ ಅದರಲ್ಲಿ ಗ್ರಾಂ ಲೆಕ್ಕದಲ್ಲಿ ಬರೆದಿದ್ದರು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ ಆರು ಗ್ರಾಂ ಉಳಿಸಿದ್ದರು!

“ನಿಮ್ಮ ರಕ್ತದೊತ್ತಡ ಎಷ್ಟು?” ಎಂದು ಕೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಎಂದೂ ಪರೀಕ್ಷಿಸಿಕೊಂಡಿರಲಿಲ್ಲ. ನೋಡಿದರೆ ೧೫೬/೧೦೦ ಇತ್ತು. ವಾರದಲ್ಲಿ ಮತ್ತೆರಡು ಸಲ ಕರೆಸಿ ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಆ ವರ್ಷ ನಾನು ಸರ್ಟಿಫಿಕೇಟ್ ಕೊಡಲಿಲ್ಲ. ಅವರಿಗೆ ಬೇಸರವಾಯಿತು. ಆದರೆ ಅಂದು ನಾನು ಅವರಿಗೆ ಹೇಳಿದ ಮಾತನ್ನೇ ಇಂದು ಓದುಗರಿಗೂ ಹೇಳಬೇಕೆಂದಿದ್ದೇನೆ. ಟಯರು ಹರಿದರೆ ಬೇರೆ ಟಯರು ಸಿಗುತ್ತದೆ, ಚೈನು ತುಂಡಾದರೆ ಕೊಂಡಿ ಹಾಕಬಹುದು. ಆದರೆ ಶರೀರಕ್ಕೆ ಮಾತ್ರ ಬಿಡಿಭಾಗ ಸಿಗುವುದಿಲ್ಲ. ಆದ್ದರಿಂದ ಸಾಮಾನಿನ ಪಟ್ಟಿಯಲ್ಲಿ ಅದೇ ಮೊದಲನೆಯದಾಗಿರಬೇಕು.

ಇದು ಎಂಥ ಓಟ?

ಅವರು ಹೋಗಲಿದ್ದ ಓಟದ ಹೆಸರು ‘ಟೂರ್ ಡಿವೈಡ್’. ಕೆನಡಾದ ಬ್ಯಾನ್ಫ್ ಊರಿನಿಂದ ಹೊರಟು, ರಾಕಿ ಪರ್ವತಶ್ರೇಣಿಯ ಗುಂಟ ದಕ್ಷಿಣಕ್ಕೆ ಸಾಗಿ, ಅಮೆರಿಕದ ಮೊಂಟಾನಾ, ಐಡಹೋ, ವಯೋಮಿಂಗ್, ಕೊಲರಾಡೋ, ನ್ಯೂ ಮೆಕ್ಸಿಕೋ ರಾಜ್ಯಗಳನ್ನು ದಾಟಿ ಮೆಕ್ಸಿಕೋ ಗಡಿಯ ಆಂಟೆಲೋಪ್ ವೆಲ್ಸ್ ತಲುಪಬೇಕು. ದೂರ ಸುಮಾರು ೪,೪೦೦ ಕಿ.ಮೀ. ಹೆಚ್ಚಿನ ಭಾಗ ಡಾಂಬರು ಕಾಣದ ಕಾಡುದಾರಿ, ಜಲ್ಲಿದಾರಿ. ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು ೬೦,೦೦೦ ಮೀಟರ್ ಆಗುತ್ತದೆ, ಅಂದರೆ ಸಮುದ್ರಮಟ್ಟದಿಂದ ಎವರೆಸ್ಟ್ ತುದಿಯನ್ನು ಆರೇಳು ಸಲ ಹತ್ತಿದಷ್ಟು. ಬ್ರಿಟನ್ನಿನ ಮೈಕ್ ಹಾಲ್ ೨೦೧೬ರಲ್ಲಿ ಇದನ್ನು ೧೩ ದಿನ, ೨೨ ಗಂಟೆ, ೫೧ ನಿಮಿಷಗಳಲ್ಲಿ ಮುಗಿಸಿದರು. ಆ ದಾಖಲೆ ೨೦೨೪ರವರೆಗೂ ಉಳಿದಿತ್ತು. ಮುಗಿಸುವವರಲ್ಲಿ ಅನೇಕರಿಗೆ ಮೂರರಿಂದ ನಾಲ್ಕು ವಾರ ಬೇಕಾಗುತ್ತದೆ.

ಈ ಓಟಕ್ಕೆ ಬಹುಮಾನವಿಲ್ಲ, ಹಿಂದೆ ಬರುವ ಜೀಪಿಲ್ಲ, ಊಟ ಕೊಡುವವರಿಲ್ಲ. ದಾರಿಯ ಅಂಗಡಿ, ಹೋಟೆಲು, ಆಸ್ಪತ್ರೆ ಮುಂತಾದ ಎಲ್ಲರಿಗೂ ಸಿಗುವ ಸೌಲಭ್ಯಗಳನ್ನು ಮಾತ್ರ ಬಳಸಬಹುದು. ಮಿಕ್ಕಿದ್ದೆಲ್ಲವನ್ನೂ ಸೈಕಲ್ಲಿಗೆ ಕಟ್ಟಿಕೊಂಡೇ ಹೋಗಬೇಕು. ಇಂಥ ಸ್ವಾವಲಂಬಿ ಓಟದಲ್ಲಿ ಸವಾರನೇ ಮೆಕ್ಯಾನಿಕ್, ಸವಾರನೇ ಅಡುಗೆಯವ, ಸವಾರನೇ ವೈದ್ಯ. ಈ ಮೂರನೆಯ ಕೆಲಸಕ್ಕೆ ತಯಾರಿ ಮಾಡಿಕೊಳ್ಳುವವರು ಬಹಳ ಕಡಿಮೆ.

ಮೊದಲು ಪರೀಕ್ಷೆ

ಕನಿಷ್ಠ ಹತ್ತು ತಿಂಗಳು ಮುಂಚೆ ನಿಮ್ಮ ವೈದ್ಯರನ್ನು ಕಾಣಿರಿ. ರಕ್ತದೊತ್ತಡ, ರಕ್ತದಲ್ಲಿನ ಸಕ್ಕರೆ, ಹಿಮೋಗ್ಲೋಬಿನ್, ಇ.ಸಿ.ಜಿ. ಇವಿಷ್ಟು ಎಲ್ಲರಿಗೂ ಇರಲಿ. ಶ್ರಮಪಟ್ಟಾಗ ಎದೆನೋವು ಅಥವಾ ತಲೆಸುತ್ತು ಬಂದಿದ್ದರೆ, ಎಂದಾದರೂ ಎಚ್ಚರ ತಪ್ಪಿದ್ದರೆ, ಮನೆತನದಲ್ಲಿ ಯಾರಾದರೂ ಐವತ್ತರೊಳಗೆ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನು ಮುಚ್ಚಿಡಬೇಡಿ. ಅಂಥವರಿಗೆ ಹೃದ್ರೋಗ ತಜ್ಞರ ಸಲಹೆ ಅವಶ್ಯಕ. ಆಸ್ತಮಾ ಇರುವವರು ತಣ್ಣನೆಯ ಗಾಳಿ ಮತ್ತು ಧೂಳಿನಲ್ಲಿ ಉಸಿರಾಟ ಹೇಗಿರುತ್ತದೆಂದು ಮೊದಲೇ ತಿಳಿದಿರಬೇಕು. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೊಳ್ಳಿ. ಹಲ್ಲಿನ ವೈದ್ಯರಲ್ಲಿಗೂ ಒಮ್ಮೆ ಹೋಗಿ ಬನ್ನಿ. ಹುಳುಕು ಹಲ್ಲು ನೋವು ಕೊಡಲು ಒಳ್ಳೆಯ ಜಾಗ ನೋಡುವುದಿಲ್ಲ.

ರಕ್ತದೊತ್ತಡವಿದ್ದ ಮಾತ್ರಕ್ಕೆ ಸೈಕಲ್ ಬಿಡಬೇಕಿಲ್ಲ. ಹತೋಟಿಗೆ ಬಂದ ಮೇಲೆ ಸವಾರಿ ಒಳ್ಳೆಯದೇ. ಆದರೆ ಮೂತ್ರ ಹೆಚ್ಚಿಸುವ ಗುಳಿಗೆಗಳು ನೀರಿನಂಶವನ್ನು ಕಳೆಯುತ್ತವೆ, ಇನ್ನು ಕೆಲವು ಗುಳಿಗೆಗಳು ಹೃದಯದ ಬಡಿತವನ್ನೇ ತಗ್ಗಿಸುತ್ತವೆ. ನೀವು ದಿನಕ್ಕೆ ಹನ್ನೆರಡು ಗಂಟೆ ಪೆಡಲ್ ತುಳಿಯುವವರೆಂದು ವೈದ್ಯರಿಗೆ ತಿಳಿಸಿದರೆ ಅದಕ್ಕೆ ಹೊಂದುವ ಔಷಧವನ್ನು ಅವರು ಆರಿಸುತ್ತಾರೆ.

ಅಭ್ಯಾಸ ಹೇಗಿರಬೇಕು?

ಅಭ್ಯಾಸದಲ್ಲಿ ಆತುರ ಸಲ್ಲದು. ಹೃದಯ ಮತ್ತು ಶ್ವಾಸಕೋಶ ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತವೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜುಗಳಿಗೆ ತಿಂಗಳುಗಳೇ ಬೇಕು. ದಮ್ಮು ಇದೆಯೆಂದು ಒಮ್ಮೆಲೇ ದೂರ ಹೆಚ್ಚಿಸಿದವರ ಮೊಣಕಾಲು ಮತ್ತು ಹಿಮ್ಮಡಿ ಕೆಡುವುದು ಈ ಕಾರಣದಿಂದಲೇ. ವಾರಕ್ಕೆ ಶೇಕಡ ಹತ್ತರ ಆಸುಪಾಸಿನಲ್ಲಿ ಗಂಟೆಗಳನ್ನು ಹೆಚ್ಚಿಸಿ. ಪ್ರತಿ ನಾಲ್ಕನೆಯ ವಾರ ಹಗುರವಾಗಿರಲಿ.

ನಮ್ಮ ದೇಶದಲ್ಲಿ ೨೦೦, ೩೦೦, ೪೦೦, ೬೦೦ ಕಿ.ಮೀ.ಗಳ ‘ಬ್ರೆವೆ’ ಸವಾರಿಗಳು ನಡೆಯುತ್ತವೆ. ೨೦೦ ಕಿ.ಮೀ.ಗೆ ಹದಿಮೂರೂವರೆ ಗಂಟೆ, ೬೦೦ಕ್ಕೆ ನಲವತ್ತು ಗಂಟೆ ಕಾಲಾವಕಾಶ. ಅಲ್ಲಿಯೂ ನಿಮ್ಮನ್ನು ನೀವೇ ನೋಡಿಕೊಳ್ಳಬೇಕಾದ್ದರಿಂದ ಅದು ಒಳ್ಳೆಯ ಪಾಠಶಾಲೆ. ಅದರ ಜೊತೆಗೆ ತಿಂಗಳಿಗೊಮ್ಮೆ ಶನಿವಾರ, ಭಾನುವಾರ ಎರಡೂ ದಿನ, ಓಟಕ್ಕೆ ಒಯ್ಯುವ ಪೂರ್ಣ ಹೊರೆಯೊಂದಿಗೆ ಮಣ್ಣುದಾರಿಯಲ್ಲಿ ಸವಾರಿ ಮಾಡಿ, ರಾತ್ರಿ ಹೊರಗೇ ಮಲಗಿ ನೋಡಿ. ಎರಡನೆಯ ದಿನ ಬೆಳಗ್ಗೆ ನಿಮ್ಮ ಶರೀರ ಏನು ಹೇಳುತ್ತದೆಯೋ ಅದೇ ನಿಜವಾದ ವರದಿ. ವಾರಕ್ಕೆರಡು ದಿನ ಬೆನ್ನು, ಹೊಟ್ಟೆ, ಕುತ್ತಿಗೆಯ ವ್ಯಾಯಾಮವೂ ಬೇಕು. ದಿನಗಟ್ಟಲೆ ಮುಂದೆ ಬಾಗಿ ತಲೆಯೆತ್ತಿ ನೋಡುವ ಸವಾರನಲ್ಲಿ ಕುತ್ತಿಗೆಯ ಸ್ನಾಯುಗಳು ಸೋತು ತಲೆ ಎತ್ತಲಾಗದೆ ಹೋಗುವುದುಂಟು.

ಸೈಕಲ್ಲು ಮೈಗೆ ಹೊಂದಬೇಕು

ಶರೀರ ಸೈಕಲ್ಲನ್ನು ಮುಟ್ಟುವುದು ಮೂರೇ ಕಡೆ: ಅಂಗೈ, ಆಸನ, ಪಾದ. ದೂರದ ಸವಾರರನ್ನು ಕಾಡುವ ತೊಂದರೆಗಳಲ್ಲಿ ಹೆಚ್ಚಿನವು ಈ ಮೂರು ಕಡೆಯಿಂದಲೇ ಬರುತ್ತವೆ.

ಅಂಗೈ: ಕಿರುಬೆರಳಿನ ಕಡೆಯ ಮಣಿಕಟ್ಟಿನಲ್ಲಿ ಅಲ್ನಾರ್ ಎಂಬ ನರ ಹಾದುಹೋಗುತ್ತದೆ. ಹ್ಯಾಂಡಲಿನ ಒತ್ತಡ ಮತ್ತು ನಡುಕ ದಿನಗಟ್ಟಲೆ ಅಲ್ಲಿ ಬಿದ್ದರೆ ಕಿರುಬೆರಳು, ಉಂಗುರದ ಬೆರಳುಗಳಿಗೆ ಜೋಮು ಹಿಡಿಯುತ್ತದೆ. ಆಗಲೂ ನಿರ್ಲಕ್ಷಿಸಿದರೆ ಬೆರಳುಗಳ ಬಲವೇ ಕುಂದಿ, ಅಂಗಿಯ ಗುಂಡಿ ಹಾಕಲೂ ಆಗುವುದಿಲ್ಲ. ಸರಿಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಹಿಡಿ ಅಗಲವಾಗಿರಲಿ, ಮೆತ್ತೆಯ ಕೈಗವಸು ಇರಲಿ, ಕೈಯಿಡುವ ಜಾಗವನ್ನು ಆಗಾಗ ಬದಲಿಸಿ. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈಭಾರವೆಲ್ಲ ಅಂಗೈಗೆ ಜಾರುತ್ತದೆ, ಅದನ್ನು ಸರಿಪಡಿಸಿ. ಟಯರಿನ ಗಾಳಿಯನ್ನು ತುಸು ಇಳಿಸಿದರೂ ನಡುಕ ಎಷ್ಟೋ ಕಡಿಮೆಯಾಗುತ್ತದೆ.

ಆಸನ: ಉಜ್ಜಾಟ, ಬೆವರು, ರೋಗಾಣು ಮೂರೂ ಸೇರಿದರೆ ಕುಳಿತುಕೊಳ್ಳುವ ಜಾಗದಲ್ಲಿ ಹುಣ್ಣು ಏಳುತ್ತದೆ. ಮೆತ್ತೆ ಇರುವ ಸೈಕಲ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಬೇಡ, ಅದರ ಹೊಲಿಗೆಯೇ ಚರ್ಮವನ್ನು ಕೊರೆಯುತ್ತದೆ. ಎರಡು ಚಡ್ಡಿ ಇಟ್ಟುಕೊಂಡು ಒಂದನ್ನು ದಿನವೂ ಒಗೆದು ಒಣಗಿಸಿ. ರಾತ್ರಿ ಆ ಭಾಗವನ್ನು ತೊಳೆದು, ಒರೆಸಿ, ಗಾಳಿಯಾಡಲು ಬಿಡಿ. ಜನನಾಂಗದ ಸುತ್ತ ಮರಗಟ್ಟಿದಂತಾದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಅದು ನರದ ಮೇಲೆ ಒತ್ತಡ ಬೀಳುತ್ತಿದೆ ಎಂಬುದರ ಸೂಚನೆ. ಆಗಾಗ ಎದ್ದು ನಿಂತು ತುಳಿಯಿರಿ. ಅಭ್ಯಾಸದ ದಿನಗಳಲ್ಲಿಯೇ ಹೀಗಾದರೆ ಸೀಟನ್ನೇ ಬದಲಿಸಿ.

ಪಾದ: ಸೀಟು ತಗ್ಗಾಗಿದ್ದರೆ ಮೊಣಕಾಲಿನ ಮುಂಭಾಗ ನೋಯುತ್ತದೆ, ಎತ್ತರವಾಗಿದ್ದರೆ ಹಿಂಭಾಗ ನೋಯುತ್ತದೆ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಕಿಲೀಸ್ ರಜ್ಜು ಊದಿಕೊಳ್ಳುವುದು ಈ ಓಟದಲ್ಲಿ ಬಹಳ ಸಾಮಾನ್ಯ. ಎತ್ತರದ ಸೀಟು, ಬೆರಳುಗಳ ಕಡೆಗೆ ತೀರ ಮುಂದಿರುವ ಕ್ಲೀಟ್, ಚಳಿ, ಹಿಮದಲ್ಲಿ ಸೈಕಲ್ ನೂಕುತ್ತ ನಡೆಯುವುದು ಇದಕ್ಕೆ ಕಾರಣಗಳು. ಕ್ಲೀಟನ್ನು ಸ್ವಲ್ಪ ಹಿಂದಕ್ಕೆ ಸರಿಸಿ. ಹೊರೆ ಹೊತ್ತ ಸೈಕಲ್ಲಿಗೆ ಅತ್ಯಂತ ಹಗುರವಾದ ಗೇರು ಹಾಕಿಸಿ. ಏರಿನಲ್ಲಿ ಮೊಣಕಾಲಿನ ಬಲದಿಂದ ತುಳಿಯುವುದು ಶೂರತನವಲ್ಲ.

ಸಾಮಾನು ಎಷ್ಟಿರಬೇಕು?

ಸೈಕಲ್ಲಿನ ತ್ರಿಕೋನದೊಳಗೆ ಒಂದು ಚೀಲ, ಹ್ಯಾಂಡಲಿಗೊಂದು, ಸೀಟಿನ ಹಿಂದೊಂದು. ಬೆನ್ನಿಗೆ ಭಾರ ಬೇಡ, ಅದು ಸೊಂಟಕ್ಕೂ ಆಸನಕ್ಕೂ ಬೀಳುತ್ತದೆ. ಟ್ಯೂಬಿಲ್ಲದ ಟಯರು ಇದ್ದರೂ ಒಂದು ಟ್ಯೂಬು, ಪಂಪು, ಪಂಕ್ಚರ್ ಸಾಮಗ್ರಿ, ಚೈನಿನ ಕೊಂಡಿ, ಬ್ರೇಕ್ ಪ್ಯಾಡ್‌ಗಳು, ಗೇರನ್ನು ಹಿಡಿದಿಡುವ ಹ್ಯಾಂಗರ್, ಸಣ್ಣ ಉಪಕರಣಗಳು ಬೇಕೇಬೇಕು. ಇವನ್ನೆಲ್ಲ ಕತ್ತಲಲ್ಲಿ, ತಣ್ಣಗಾದ ಬೆರಳುಗಳಿಂದ ಬಳಸಲು ಬರಬೇಕು. ಮನೆಯ ಅಂಗಳದಲ್ಲಿ ರಾತ್ರಿ ದೀಪ ಆರಿಸಿ ಒಮ್ಮೆ ಪಂಕ್ಚರ್ ಹಾಕಿ ನೋಡಿ.

ತೂಕ ಉಳಿಸುವ ಹುಮ್ಮಸ್ಸಿನಲ್ಲಿ ಮೂರನ್ನು ಮಾತ್ರ ಬಿಡಬೇಡಿ: ಮಳೆಯ ಅಂಗಿ, ಒಣಗಿದ ಒಂದು ಜೊತೆ ಬೆಚ್ಚನೆಯ ಉಡುಪು, ಸಾಕಷ್ಟು ಬೆಚ್ಚಗಿರುವ ಮಲಗುಚೀಲ. ಕೆನಡಾ ಮತ್ತು ಮೊಂಟಾನಾದ ಕಾಡುಗಳಲ್ಲಿ ಗ್ರಿಜ್ಲಿ ಕರಡಿಗಳಿವೆ. ಅವುಗಳಿಗಾಗಿ ಒಯ್ಯುವ ಖಾರದ ಸ್ಪ್ರೇ ಚೀಲದ ತಳದಲ್ಲಿದ್ದರೆ ಪ್ರಯೋಜನವಿಲ್ಲ, ಕೈಗೆ ಸಿಗುವಂತಿರಲಿ.

ಊಟ ಮತ್ತು ನೀರು

ಇಂಥ ಓಟದಲ್ಲಿ ದಿನಕ್ಕೆ ಆರು ಸಾವಿರ ಕ್ಯಾಲೊರಿಗೂ ಹೆಚ್ಚು ಖರ್ಚಾಗಬಹುದು. ಅಷ್ಟನ್ನೂ ತಿಂದು ತುಂಬಿಸುವುದು ಕಷ್ಟ. ಆದ್ದರಿಂದ ಹಸಿವಾಗುವ ತನಕ ಕಾಯದೆ, ಗಂಟೆಗೆ ಸುಮಾರು ಅರವತ್ತು ಗ್ರಾಂ ಶರ್ಕರ ಪಿಷ್ಟಾದಿಗಳು ಹೊಟ್ಟೆಗೆ ಹೋಗುವಂತೆ ಸ್ವಲ್ಪಸ್ವಲ್ಪವೇ ತಿನ್ನುತ್ತಿರಬೇಕು. ಎರಡು ದೊಡ್ಡ ಬಾಳೆಹಣ್ಣು ತಿಂದರೆ ಹತ್ತಿರಹತ್ತಿರ ಅಷ್ಟಾಗುತ್ತದೆ. ಹೊಟ್ಟೆಯನ್ನೂ ಕಾಲಿನಂತೆಯೇ ಪಳಗಿಸಬೇಕು. ಮನೆಯ ಮೊಸರನ್ನ, ಚಿಕ್ಕಿ, ಖರ್ಜೂರದಿಂದ ಅಭ್ಯಾಸ ಆರಂಭಿಸಿ. ಆದರೆ ಅಲ್ಲಿ ಪೆಟ್ರೋಲ್ ಬಂಕಿನ ಅಂಗಡಿಯೇ ಎಷ್ಟೋ ಕಡೆ ಊಟದ ಮನೆ. ಬ್ರೆಡ್ಡು, ಚೀಸ್, ಕಡಲೆಕಾಯಿ ಬೆಣ್ಣೆ, ಬೇಯಿಸಿದ ಹುರುಳಿಕಾಯಿ ಬೀಜ, ಆಲೂಗೆಡ್ಡೆ ಚಿಪ್ಸು ನಿಮ್ಮ ಹೊಟ್ಟೆಗೆ ಒಗ್ಗುತ್ತದೆಯೇ ಎಂದು ಇಲ್ಲಿಯೇ ಪರೀಕ್ಷಿಸಿ. ಸಸ್ಯಾಹಾರಿಗಳಿಗೆ ಇದು ಇನ್ನೂ ಮುಖ್ಯ.

ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಹೆಚ್ಚು ಕುಡಿದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ ವಾಕರಿಕೆ, ಗೊಂದಲ, ಕೊನೆಗೆ ಫಿಟ್ಸ್ ಕೂಡ ಬರಬಹುದು. ಭೇದಿಯಾದಾಗ ಓ.ಆರ್.ಎಸ್. ಪೊಟ್ಟಣ ಬಳಸಿ. ಅದಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬೆಟ್ಟದ ತೊರೆ ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ಜಿಯಾರ್ಡಿಯಾ ಎಂಬ ಪರಾವಲಂಬಿ ಇರಬಹುದು. ಸೋಸುವ ಫಿಲ್ಟರ್ ಒಯ್ಯಿರಿ. ವಯೋಮಿಂಗ್‌ನ ಗ್ರೇಟ್ ಡಿವೈಡ್ ಬೇಸಿನ್ ಬಯಲಿನಲ್ಲಿ ನೂರು ಕಿ.ಮೀ.ಗೂ ಹೆಚ್ಚು ದೂರ ನೀರು ದುರ್ಲಭ. ಅಲ್ಲಿಗೆ ಹೊರಡುವ ಮುನ್ನ ಬಾಟಲಿಗಳ ಲೆಕ್ಕ ಹಾಕಿಕೊಳ್ಳಿ.

ನಿದ್ರೆ

ಸತತವಾಗಿ ಹದಿನೇಳು, ಹದಿನೆಂಟು ಗಂಟೆ ಎಚ್ಚರವಿದ್ದವನ ಚುರುಕುತನ ಮದ್ಯ ಕುಡಿದವನ ಮಟ್ಟಕ್ಕೆ ಇಳಿಯುತ್ತದೆಂದು ಸಂಶೋಧನೆಗಳು ತೋರಿಸಿವೆ. ಕುಡಿದು ಬೆಟ್ಟದ ಇಳಿಜಾರಿನಲ್ಲಿ ಸೈಕಲ್ ಬಿಡುತ್ತೀರಾ? ಮೊದಲ ಸಲ ಹೋಗುವವರು ದಿನಕ್ಕೆ ಐದು ಗಂಟೆ ನಿದ್ರೆಯನ್ನಾದರೂ ಇಟ್ಟುಕೊಳ್ಳಿ. ರೆಪ್ಪೆ ತಾನಾಗಿ ಮುಚ್ಚಿದರೆ, ಇಲ್ಲದ ವಸ್ತುಗಳು ಕಂಡರೆ ಆ ಕ್ಷಣವೇ ಇಳಿದು, ದಾರಿಯಿಂದ ದೂರ ಸರಿದು ಮಲಗಿ. ಇಪ್ಪತ್ತು ನಿಮಿಷದ ನಿದ್ರೆಯೂ ಒಂದು ಮೂಳೆಯನ್ನು ಉಳಿಸೀತು.

ಎತ್ತರ ಮತ್ತು ಚಳಿ

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು ೧,೯೩೦ ಮೀಟರ್. ಟೂರ್ ಡಿವೈಡ್‌ನ ದಾರಿಯಲ್ಲಿ ಕೊಲರಾಡೋದ ಇಂಡಿಯಾನಾ ಪಾಸ್ ೩,೬೦೦ ಮೀಟರಿಗಿಂತಲೂ ಎತ್ತರದಲ್ಲಿದೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ೨,೫೦೦ ಮೀಟರ್ ದಾಟಿದ ಮೇಲೆ ಬರುವುದರಿಂದ ನಮ್ಮ ಬೆಟ್ಟಗಳಲ್ಲಿ ಕಾಲಿಗೆ ಅಭ್ಯಾಸ ಸಿಗುತ್ತದೆಯೇ ಹೊರತು ಎತ್ತರಕ್ಕೆ ಮೈ ಒಗ್ಗುವುದಿಲ್ಲ. ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಮೊದಲ ಲಕ್ಷಣಗಳು. ಹೀಗಾದಾಗ ಇನ್ನೂ ಮೇಲೆ ಹೋಗಿ ಮಲಗಬೇಡಿ. ಕುಳಿತಾಗಲೂ ಏದುಸಿರು, ಕೆಮ್ಮು, ತೂರಾಡುವ ನಡಿಗೆ ಕಂಡರೆ ತಡಮಾಡದೆ ಕೆಳಗಿಳಿದು ಆಸ್ಪತ್ರೆ ಸೇರಿ.

ಚಳಿಯನ್ನು ನಮ್ಮವರು ಹಗುರವಾಗಿ ಕಾಣುತ್ತಾರೆ. ೨೦೨೨ರ ಜೂನ್‌ನಲ್ಲಿ ಮಳೆ, ಹಿಮಕ್ಕೆ ಸಿಕ್ಕಿದ ಕೆಲವು ಸವಾರರನ್ನು ಕೆನಡಾದ ಭಾಗದಲ್ಲಿ ರಕ್ಷಣಾ ತಂಡದವರು ಹೊರತರಬೇಕಾಯಿತು. ನೆನೆದ ಹತ್ತಿ ಬಟ್ಟೆ ಮೈಯ ಶಾಖವನ್ನು ಹೀರುತ್ತದೆ. ಉಣ್ಣೆ ಒದ್ದೆಯಾದರೂ ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ. ನಡುಕ, ಬೆರಳು ತಡವರಿಸುವುದು, ಮಾತು ತೊದಲುವುದು ಅಪಾಯದ ಮೆಟ್ಟಿಲುಗಳು. ಮೊದಲ ಮೆಟ್ಟಿಲಲ್ಲೇ ನಿಂತು ಒಣಬಟ್ಟೆ ತೊಟ್ಟು ಮಲಗುಚೀಲ ಸೇರಿ. ಬಿಸಿಯಾಗಿ, ಸಿಹಿಯಾಗಿ ಏನಾದರೂ ಕುಡಿಯಿರಿ.

ಔಷಧದ ಪೊಟ್ಟಣ

ನೀವು ದಿನವೂ ಸೇವಿಸುವ ಗುಳಿಗೆಗಳು, ವೈದ್ಯರ ಚೀಟಿಯ ಸಮೇತ. ಪ್ಯಾರಸಿಟಮಾಲ್, ಓ.ಆರ್.ಎಸ್., ಅಲರ್ಜಿಗೆ ಒಂದು ಗುಳಿಗೆ, ನಂಜುನಿವಾರಕ ಮುಲಾಮು, ಗಾಯದ ಪಟ್ಟಿ, ಟೇಪು. ಇಷ್ಟು ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವುನಿವಾರಕಗಳನ್ನು ನುಂಗುತ್ತ ಸವಾರಿ ಮಾಡುವ ಅಭ್ಯಾಸ ಬೇಡವೇ ಬೇಡ. ನೀರು ಕಡಿಮೆಯಾದ ಶರೀರದಲ್ಲಿ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ರಕ್ತದೊತ್ತಡದ ಕೆಲವು ಗುಳಿಗೆಗಳ ಜೊತೆ ಸೇರಿದರಂತೂ ಇನ್ನೂ ಅಪಾಯ. ಅಲ್ಲದೆ ನೋವೇ ನಿಮಗಿರುವ ಏಕೈಕ ಕಾವಲುಗಾರ. ಅವನ ಬಾಯಿ ಕಟ್ಟಬೇಡಿ.

ನಿಲ್ಲುವ ಚೀಟಿ

ಹತ್ತು ದಿನ ನಿದ್ರೆಗೆಟ್ಟ ಮಿದುಳು ಸರಿಯಾದ ತೀರ್ಮಾನ ಮಾಡಲಾರದು. ಆದ್ದರಿಂದ ಎಲ್ಲಿ ನಿಲ್ಲಬೇಕೆಂಬುದನ್ನು ಮನೆಯಲ್ಲಿ ಕುಳಿತು, ಹೊಟ್ಟೆ ತುಂಬಿದ್ದಾಗ, ಮನೆಯವರೊಡನೆ ಕೂಡಿ ಬರೆದಿಡಿ. ನನ್ನ ರೋಗಿಗೆ ಅವರ ಸಾಮಾನಿನ ಪಟ್ಟಿಯ ಹಿಂಬದಿಯಲ್ಲೇ ಬರೆಸಿದೆ:

೧. ಎದೆನೋವು, ಎಚ್ಚರ ತಪ್ಪುವುದು, ಕುಳಿತಾಗಲೂ ಏದುಸಿರು: ಆ ಕ್ಷಣವೇ ನಿಂತು ಸಹಾಯಕ್ಕೆ ಕರೆಯುವುದು.

೨. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ: ಸವಾರಿ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ. ಸ್ನಾಯು ಕರಗಿ ಮೂತ್ರಪಿಂಡಕ್ಕೆ ತೊಂದರೆಯಾಗುತ್ತಿರಬಹುದು.

೩. ತಲೆಗೆ ಪೆಟ್ಟು ಬಿದ್ದು ಮಂಕಾದರೆ: ಓಟ ಮುಗಿಯಿತು.

೪. ಜ್ವರ ಬಂದರೆ, ಹುಣ್ಣಿನ ಸುತ್ತ ಕೆಂಪು ಹರಡಿದರೆ: ಮುಂದಿನ ಊರಿನಲ್ಲಿ ವೈದ್ಯರು.

೫. ಒಂದು ಹಗಲು, ಒಂದು ರಾತ್ರಿ ಪೂರ್ಣ ವಿಶ್ರಾಂತಿಯ ನಂತರವೂ ಕುಂಟಿದರೆ: ಓಟ ಮುಗಿಯಿತು.

ವೈದ್ಯರಲ್ಲಿಗೆ ಹೋದರೆ ಸೋತಂತೆ ಎಂದು ತಿಳಿಯಬೇಡಿ. ೨೦೧೫ರಲ್ಲಿ ಅಮೆರಿಕದ ಲೇಲ್ ವಿಲ್‌ಕಾಕ್ಸ್ ಇದೇ ಓಟದ ನಡುವೆ ಉಸಿರಾಟದ ತೊಂದರೆಯಾಗಿ ಮೊಂಟಾನಾದ ಹೆಲೆನಾ ನಗರದ ಆಸ್ಪತ್ರೆಗೆ ಹೋದರು. ಚಿಕಿತ್ಸೆ ಪಡೆದು ಮುಂದುವರಿದು, ೧೭ ದಿನ ೧ ಗಂಟೆ ೫೧ ನಿಮಿಷಗಳಲ್ಲಿ ಮುಗಿಸಿ ಮಹಿಳೆಯರ ದಾಖಲೆಯನ್ನೇ ಮುರಿದರು.

ನನ್ನ ರೋಗಿಯ ವಿಷಯ ಹೇಳಿ ಮುಗಿಸುತ್ತೇನೆ. ಅವರು ಒಂದು ವರ್ಷ ಕಾದರು. ಉಪ್ಪು ಕಡಿಮೆ ಮಾಡಿದರು, ಏಳು ಕಿಲೋ ಇಳಿದರು, ದಿನಕ್ಕೊಂದು ಗುಳಿಗೆಯಿಂದ ರಕ್ತದೊತ್ತಡ ಹತೋಟಿಗೆ ಬಂತು. ಮರುವರ್ಷದ ಜೂನ್‌ನಲ್ಲಿ ಸರ್ಟಿಫಿಕೇಟ್ ಪಡೆದು ಹೋದರು. ಕೊಲರಾಡೋ ಸೇರಿ, ಅರ್ಧ ದಾರಿ ದಾಟಿದ ಮೇಲೆ, ಎಡಗಾಲಿನ ಹಿಮ್ಮಡಿಯ ರಜ್ಜು ಊದಿತು. ಒಂದು ಹಗಲು, ಒಂದು ರಾತ್ರಿ ಹೋಟೆಲಿನಲ್ಲಿ ಮಲಗಿದರು. ಬೆಳಗ್ಗೆ ಎದ್ದು ಬಚ್ಚಲಿಗೆ ಹೋಗುವಾಗ ಕುಂಟುತ್ತಿದ್ದರು. ಆ ಹಾಳೆ ತೆಗೆದು ಐದನೆಯ ಸಾಲು ಓದಿ, ಮನೆಗೆ ಫೋನು ಮಾಡಿದರಂತೆ.

ಊರಿಗೆ ಬಂದ ಮೇಲೆ ಆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು. “ಇದು ಇಲ್ಲದೇ ಹೋಗಿದ್ರೆ ನಾನು ಖಂಡಿತ ನಿಲ್ತಿರಲಿಲ್ಲ ಡಾಕ್ಟ್ರೇ” ಎಂದರು. ಮೂರು ತಿಂಗಳಲ್ಲಿ ಕಾಲು ಸರಿಯಾಯಿತು. ಕ್ಲೀಟನ್ನು ಹಿಂದಕ್ಕೆ ಸರಿಸಿದ್ದಾರೆ, ಸೀಟನ್ನು ತುಸು ಇಳಿಸಿದ್ದಾರೆ. ಈಗ ಭಾನುವಾರಗಳಂದು ಮತ್ತೆ ಬೆಟ್ಟ ಹತ್ತುತ್ತಿದ್ದಾರೆ. ಹಲ್ಲುಜ್ಜುವ ಬ್ರಷ್ಷು ಮಾತ್ರ ಈ ಸಲ ಪೂರ್ತಿ ಹಿಡಿಯದೇ ಕೊಂಡಿದ್ದಾರಂತೆ.